ಕೊಲ್ಲುವ ಎಲೆಗೆ ಬೆಲೆ ಎಷ್ಟು?

ಆಟ ಯಾವುದೇ ಇರಲಿ, ಎದುರಾಳಿಯ ಕಾಯಿಯನ್ನು ಕಳೆಯುವ ಒಂದು ಉಪಾಯ ಅದರಲ್ಲಿ ಇದ್ದೇ ಇರುತ್ತದೆ. ಚೌಕಾಬಾರದಲ್ಲಿ ಕಾಯಿಯನ್ನು ಹೊಡೆದು ಅದರ ಮನೆಗೆ ಅಟ್ಟುತ್ತೇವೆ. ಹುಲಿ-ಕುರಿ ಆಟದಲ್ಲಿ ಕುರಿಯ ಮೇಲೆ ಹಾರಿ ಅದನ್ನು ಎತ್ತಿ ಹೊರಗಿಡುತ್ತೇವೆ. ಇಸ್ಪೀಟಿನಲ್ಲಿ ಎದುರಿನವನು ಠೀವಿಯಿಂದ ಎಸೆದ ರಾಜನನ್ನು ತುರುಪಿನ ಎರಡರಿಂದ ಕಡಿಯುತ್ತೇವೆ. ಆ ಕ್ಷಣಕ್ಕಾಗಿಯೇ ಸುತ್ತಲೂ ಜನ ಸೇರಿರುತ್ತಾರೆ. ಆದರೆ ಈ ಹೊಡೆತ ಎಷ್ಟು ಸುಲಭವಾಗಿರಬೇಕು, ಎಷ್ಟು ಸಲ ಸಿಗಬೇಕು, ಅದಕ್ಕೆ ಏನು ಬೆಲೆ ತೆರಬೇಕು ಎಂಬುದನ್ನು ಆಡುವವರು ಯೋಚಿಸುವುದಿಲ್ಲ. ಅದನ್ನು ಯೋಚಿಸಬೇಕಾದವನು ಆಟವನ್ನು ಕಟ್ಟುವವನು.

ಹಳೆಯ ಆಟಗಳನ್ನು ಕಟ್ಟಿದವರ ಹೆಸರು ಉಳಿದಿಲ್ಲ, ಆಟ ಉಳಿದಿದೆ. ಇತ್ತ ಕಳೆದ ಮೂರು ದಶಕಗಳಿಂದ ಜಗತ್ತಿನ ಹಲವು ಕಡೆ ಒಂದು ಹೊಸ ಹವ್ಯಾಸ ಬೆಳೆದಿದೆ. ನೂರಾರು ಬಗೆಯ ಚಿತ್ರದೆಲೆಗಳಿಂದ ತಮಗೆ ಬೇಕಾದವನ್ನು ಆರಿಸಿ, ಇಲ್ಲವೆ ತಾವೇ ಬರೆದು, ಗೆಳೆಯರೊಡನೆ ಹಂಚಿಕೊಂಡು ಆಡುವ ಎಲೆಗಳ ರಾಶಿಯೊಂದನ್ನು ರೂಪಿಸುವ ಹವ್ಯಾಸ ಅದು. ಈ ಕೆಲಸಕ್ಕೆ ಕೈಹಾಕಿದವರನ್ನೆಲ್ಲ ಕಾಡುವ ಪ್ರಶ್ನೆ ಒಂದೇ: ಎದುರಾಳಿಯ ಪ್ರಾಣಿಯನ್ನು ಕೊಲ್ಲುವ ಎಲೆಗಳು ಎಷ್ಟಿರಬೇಕು, ಎಷ್ಟು ಅಗ್ಗವಾಗಿರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದವರೆಗೆ ಹೋಗುವ ಮುನ್ನ ನಮ್ಮ ಗುಡಿಯ ಕಟ್ಟೆಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಹುಲಿಗೂ ಒಂದು ಷರತ್ತು

ಧಾರವಾಡದ ಬಯಲು ಮುಗಿದು ಕಾಡು ಆರಂಭವಾಗುವ ಸೆರಗಿನಲ್ಲಿ ಅಳ್ನಾವರವಿದೆ. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ರೈಲುಮಾರ್ಗದ ಈ ಜಂಕ್ಷನ್‌ನಿಂದಲೇ ದಾಂಡೇಲಿಯ ಕಡೆಗೆ ಹಳಿ ಕವಲೊಡೆಯುತ್ತದೆ. ದಾಂಡೇಲಿ-ಅಣಶಿ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಹುಲಿ, ಕುರಿ ಎರಡನ್ನೂ ಬಲ್ಲ ಇಂಥ ಸೀಮೆಯ ಜನಕ್ಕೆ ಹುಲಿ-ಕುರಿ ಆಟದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದರೊಳಗಿನ ಲೆಕ್ಕವನ್ನು ಬಿಡಿಸಿ ನೋಡುವುದು ಉಪಯುಕ್ತ.

ತ್ರಿಕೋನದ ಪಟದಲ್ಲಿ ಆಡುವ ರೂಢಿಯಂತೆ ಹುಲಿಗಳು ಮೂರು, ಕುರಿಗಳು ಹದಿನೈದು. ಗೆರೆಗಳು ಸೇರುವ 23 ಬಿಂದುಗಳಲ್ಲಿ ಆಟ. ಕೊಲ್ಲುವ ಶಕ್ತಿ ಹುಲಿಗೆ ಮಾತ್ರ ಉಂಟು, ಕುರಿಗೆ ಇಲ್ಲವೇ ಇಲ್ಲ. ಮೇಲುನೋಟಕ್ಕೆ ಇದು ಅನ್ಯಾಯದ ಆಟ. ಆದರೆ ಹುಲಿಯ ಹೊಡೆತಕ್ಕೆ ಒಂದು ಷರತ್ತಿದೆ. ಪಕ್ಕದಲ್ಲಿ ಕುರಿ ಇದ್ದರೆ ಸಾಲದು, ಅದೇ ಗೆರೆಯಲ್ಲಿ ಕುರಿಯ ಆಚೆಯ ಬಿಂದು ಖಾಲಿ ಇರಬೇಕು. ಕುರಿಯ ಬೆನ್ನಿಗೆ ಇನ್ನೊಂದು ಕುರಿ ನಿಂತರೆ ಹುಲಿ ಹಲ್ಲು ಕಡಿಯುತ್ತ ಕೂಡಬೇಕಾಗುತ್ತದೆ. ಒಂದೊಂದಾಗಿ ಕುರಿಗಳನ್ನಿಡುತ್ತ, ಬೆನ್ನಿಗೆ ಬೆನ್ನು ಕೊಡಿಸುತ್ತ ಬಂದ ಜಾಣ ಕೊನೆಗೆ ಹುಲಿಗಳನ್ನೇ ಕಟ್ಟಿಹಾಕುತ್ತಾನೆ.

ಈಗ ಆ ಷರತ್ತನ್ನು ತೆಗೆದು ನೋಡಿ. ಪಕ್ಕದಲ್ಲಿ ಸಿಕ್ಕ ಕುರಿಯನ್ನೆಲ್ಲ ಹುಲಿ ತಿನ್ನಬಹುದೆಂದಾದರೆ ಕುರಿಯವನಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಎಲ್ಲಿಟ್ಟರೂ ಸಾವು ತಪ್ಪದು ಎಂದ ಮೇಲೆ ಎಲ್ಲಿಟ್ಟರೇನು? ಇನ್ನೊಂದು ತುದಿಗೆ ಹೋಗಿ, ಹುಲಿಗೆ ಆಚೆ ಎರಡು ಬಿಂದು ಖಾಲಿ ಬೇಕೆಂದು ಕಟ್ಟಳೆ ಮಾಡಿದರೆ ಹುಲಿ ಬೆಕ್ಕಾಗುತ್ತದೆ. ಆಟದ ಪ್ರಾಣ ಇರುವುದು ಆ ಒಂದು ಖಾಲಿ ಬಿಂದುವಿನಲ್ಲಿ.

ಇದೇ ಬಳಗದ ನೇಪಾಳದ ಬಾಘ್ ಚಾಲ್ ಆಟದಲ್ಲಿ 25 ಬಿಂದುಗಳ ಚೌಕ ಪಟದ ಮೇಲೆ ನಾಲ್ಕು ಹುಲಿ, ಇಪ್ಪತ್ತು ಆಡು. ಐದು ಆಡು ತಿಂದರೆ ಹುಲಿಗೆ ಗೆಲುವು. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ಸಂಶೋಧಕರು ಈ ಆಟದ ಸಾಧ್ಯತೆಗಳನ್ನೆಲ್ಲ ಗಣಕಯಂತ್ರದಿಂದ ಜಾಲಾಡಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಆಟ ಸಮವಾಗುತ್ತದೆ ಎಂದು ತೋರಿಸಿದರು. ಅವರ ಪ್ರಬಂಧ 2009ರಲ್ಲಿ ಪ್ರಕಟವಾಯಿತು. ಲೆಕ್ಕದ ಯಂತ್ರವಿಲ್ಲದ ಕಾಲದಲ್ಲಿ, ಆಡಿ ಆಡಿಯೇ ಜನ ಇಂಥ ಸಮತೂಕಕ್ಕೆ ಬಂದು ಮುಟ್ಟಿದ್ದರು ಎಂಬುದು ಗಮನಾರ್ಹ.

ಕಟ್ಟೆ ಮತ್ತು ಕವಡೆ

ಚೌಕಾಬಾರದಲ್ಲಿ ಇದೇ ಸಮತೂಕ ಬೇರೆ ದಾರಿಯಿಂದ ಬಂದಿದೆ. ಐದೈದು ಮನೆಗಳ ಪಟದಲ್ಲಿ ಹೊರಸುತ್ತಿಗೆ ಹದಿನಾರು ಮನೆ, ಒಳಸುತ್ತಿಗೆ ಎಂಟು, ನಡುವೆ ಒಂದು ಹಣ್ಣಾಗುವ ಮನೆ. ಹೊರಸುತ್ತಿನ ನಾಲ್ಕು ಮನೆಗಳಿಗೆ ಅಡ್ಡಗೆರೆ ಎಳೆದಿರುತ್ತದೆ. ಅವೇ ಕಟ್ಟೆಗಳು, ಅಲ್ಲಿ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಅಂದರೆ ನಾಲ್ಕು ಮನೆಗೊಂದು ಆಶ್ರಯ.

ಹೊಡೆಯುವುದೂ ಸುಲಭವಲ್ಲ. ಅದಕ್ಕೆ ಸರಿಯಾದ ಗರ ಬೀಳಬೇಕು. ನಾಲ್ಕು ಕವಡೆಗಳಲ್ಲಿ ಎಷ್ಟು ಮೇಲ್ಮುಖವಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಮೇಲ್ಮುಖವಾದರೆ ಚೌಕ ಅಂದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಬಾರ ಅಂದರೆ ಎಂಟು. ಕವಡೆಯ ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಹದಿನಾರು ಬಗೆಯಲ್ಲಿ ಆರು ಸಲ ಎರಡು ಬೀಳುತ್ತದೆ. ಒಂದು ಮತ್ತು ಮೂರು ನಾಲ್ಕು ನಾಲ್ಕು ಸಲ. ಚೌಕ ಒಂದೇ ಸಲ, ಬಾರವೂ ಒಂದೇ ಸಲ. ಆದ್ದರಿಂದ ಶತ್ರುವಿನ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ನೂರಕ್ಕೆ 37ಕ್ಕಿಂತ ಹೆಚ್ಚು ಸಲ ಏಟು ಬೀಳುತ್ತದೆ. ನಾಲ್ಕು ಮನೆ ಮುಂದೆ ನಿಂತರೆ ಆ ಭಯ ನೂರಕ್ಕೆ ಸುಮಾರು ಆರು. ಚೌಕಾಬಾರದಲ್ಲಿ ನುರಿತ ಅಜ್ಜಿಯರು ಈ ಲೆಕ್ಕವನ್ನು ಬರೆದು ತೋರಿಸಲಾರರು, ಆದರೆ ಕಾಯಿ ನಡೆಸುವಾಗ ತಪ್ಪದೆ ಪಾಲಿಸುತ್ತಾರೆ.

ಇನ್ನೂ ಎರಡು ಸೂಕ್ಷ್ಮಗಳಿವೆ. ಒಂದು, ಏಟು ತಿಂದ ಕಾಯಿ ಸತ್ತು ಹೋಗುವುದಿಲ್ಲ, ತನ್ನ ಮನೆಗೆ ಹಿಂದಿರುಗಿ ಮತ್ತೆ ಹೊರಡುತ್ತದೆ. ಎರಡು ಮನೆ ನಡೆದ ಕಾಯಿಗೆ ಆದ ನಷ್ಟ ಎರಡು ಮನೆ. ಹೊರಸುತ್ತು ಮುಗಿಸುವ ಹೊತ್ತಿಗೆ ಸಿಕ್ಕಿಬಿದ್ದ ಕಾಯಿಗೆ ಹದಿನೈದು ಮನೆ. ಎರಡು, ಬಹುತೇಕ ಕಡೆ ರೂಢಿಯಲ್ಲಿರುವಂತೆ ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಟ್ಟೆಯಿಂದ ಕಟ್ಟೆಗೆ ಅಂಜುತ್ತ ಸಾಗಿ ಗೆಲ್ಲುತ್ತೇನೆಂಬ ಪುಕ್ಕಲನಿಗೆ ಈ ಕಟ್ಟಳೆ ಬಾಗಿಲು ಮುಚ್ಚುತ್ತದೆ. ಹೊಡೆತಕ್ಕೆ ಬೆಲೆಯೂ ಇದೆ, ಹೊಡೆಯಲೇಬೇಕೆಂಬ ಒತ್ತಾಯವೂ ಇದೆ. ಇವೆರಡರ ನಡುವೆ ಆಟ ನಡೆಯುತ್ತದೆ.

ಮುಮ್ಮಡಿಯವರ 360 ಎಲೆ

ಪಟದ ಆಟದಿಂದ ಎಲೆಯ ಆಟಕ್ಕೆ ಬರೋಣ. ಸ್ವಂತ ಎಲೆಗಳ ಕಟ್ಟನ್ನು ರೂಪಿಸುವ ಹವ್ಯಾಸ ಹೊಸದೆಂದು ತಿಳಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯಬೇಕು. 1794ರಲ್ಲಿ ಹುಟ್ಟಿ, 1799ರಲ್ಲಿ ಬಾಲಕನಾಗಿ ಪಟ್ಟವೇರಿದ ಈ ಅರಸರ ಕೈಯಿಂದ ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೂ ಸಾಹಿತ್ಯ, ಸಂಗೀತ, ಚಿತ್ರಕಲೆಗಳಿಗೆ ಅವರು ಆಶ್ರಯವಿತ್ತುದು ಎಲ್ಲರಿಗೂ ತಿಳಿದ ಸಂಗತಿ. ಆಟಗಳಲ್ಲಿ ಅವರಿಗಿದ್ದ ಆಸಕ್ತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳ ಬೃಹತ್ ಗ್ರಂಥ. ಅದರಲ್ಲಿ ಕೌತುಕನಿಧಿ ಎಂಬ ಭಾಗ ಎಲೆಯಾಟಗಳಿಗೂ ಜಾಗ ಕೊಟ್ಟಿದೆ.

ಆ ಹೊತ್ತಿಗೆ ಗಂಜೀಫಾ ಭಾರತಕ್ಕೆ ಹಳೆಯದಾಗಿತ್ತು. ಬಾಬರ್ 1527ರಲ್ಲಿ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣ, 96 ಎಲೆ. ದಶಾವತಾರದ ಕಟ್ಟಿನಲ್ಲಿ ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣಕ್ಕೂ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು. ಇಲ್ಲೊಂದು ಸೊಗಸಾದ ಏರ್ಪಾಟಿದೆ. ಅರ್ಧ ಬಣ್ಣಗಳಲ್ಲಿ ಹತ್ತು ಹೆಚ್ಚಿನದು, ಒಂದು ಕೊನೆಯದು. ಉಳಿದರ್ಧದಲ್ಲಿ ಒಂದು ಹೆಚ್ಚಿನದು, ಹತ್ತು ಕೊನೆಯದು. ಕೈಗೆ ಬರೀ ಸಣ್ಣ ಎಲೆಗಳೇ ಬಂದವೆಂದು ಯಾರೂ ಕುಗ್ಗಬೇಕಾಗಿಲ್ಲ.

ಮುಮ್ಮಡಿಯವರು ಇದನ್ನು ಹಿಗ್ಗಿಸುತ್ತ ಹೋದರು. ಅವರ ಆಟಗಳಿಗೆ ಛದ ಎಂಬ ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಅವುಗಳಲ್ಲಿ ದೊಡ್ಡದಕ್ಕೆ ಹದಿನೆಂಟು ಬಣ್ಣ, 360 ಎಲೆ. ಕೆಲವು ಆಟಗಳಲ್ಲಿ ಸದಾಕಾಲದ ತುರುಪುಗಳನ್ನೂ, ಬೇರೆ ಎಲೆಯ ಬದಲಿಗೆ ನಿಲ್ಲಬಲ್ಲ ಎಲೆಗಳನ್ನೂ ಅವರು ಸೇರಿಸಿದರು. ಈ ಆಟಗಳು ಅರಮನೆಯ ಹೊಸಿಲು ದಾಟಿ ಜನಸಾಮಾನ್ಯರ ಜಗುಲಿಗೆ ಬರಲಿಲ್ಲ. ಆದರೆ ಮೈಸೂರಿನ ಗಂಜೀಫಾ ಚಿತ್ರಕಲೆ ನಮ್ಮ ಕಾಲಕ್ಕೂ ಉಳಿದು ಬಂದಿದೆ. ಅದನ್ನು ಉಳಿಸಿದವರಲ್ಲಿ ಗಂಜೀಫಾ ರಘುಪತಿ ಭಟ್ಟರ ಹೆಸರು ದೊಡ್ಡದು.

ತುರುಪೆಂಬುದು ಎಲೆಯಾಟದ ಹುಲಿ. ದಿನನಿತ್ಯದ ಇಸ್ಪೀಟಿನಲ್ಲಿ 52 ಎಲೆಗಳಿಗೆ 13 ತುರುಪು, ಅಂದರೆ ನಾಲ್ಕರಲ್ಲಿ ಒಂದು. ಅದನ್ನು ಬಳಸುವುದಕ್ಕೂ ಷರತ್ತಿದೆ. ಬಹುತೇಕ ಆಟಗಳಲ್ಲಿ, ಎದುರಿನವನು ಇಳಿದ ಬಣ್ಣ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮಾತ್ರ ತುರುಪು ಹೊಡೆಯಬಹುದು. ಹುಲಿಗೆ ಖಾಲಿ ಬಿಂದು ಬೇಕಾದಂತೆ ತುರುಪಿಗೆ ಖಾಲಿ ಬಣ್ಣ ಬೇಕು. ಈ ಷರತ್ತನ್ನು ಸಡಿಲಿಸಿ, ಯಾವಾಗ ಬೇಕಾದರೂ ತುರುಪು ಎಸೆಯಬಹುದು ಎಂದರೆ ರಾಜ, ರಾಣಿಯರಿಗೆ ಕವಡೆಯ ಕಿಮ್ಮತ್ತೂ ಉಳಿಯುವುದಿಲ್ಲ.

ಎಂಟು ಜನ, ನಲವತ್ತೈದು ಎಲೆ

ಈಗ ಹೊಸ ಆಟದ ಸಂಗತಿ. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ರೂಪಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' 1993ರಲ್ಲಿ ಮಾರುಕಟ್ಟೆಗೆ ಬಂತು. ಇಬ್ಬರು ಮಾಂತ್ರಿಕರ ಕಾಳಗ ಎಂಬುದು ಅದರ ಕಲ್ಪನೆ. ಕೆಲವು ಎಲೆಗಳು ಭೂಮಿ. ಒಂದು ಸರದಿಗೆ ಒಂದು ಭೂಮಿಯನ್ನು ಇಳಿಸಬಹುದು. ಭೂಮಿಯಿಂದ ಶಕ್ತಿ ಹುಟ್ಟುತ್ತದೆ, ಶಕ್ತಿಯನ್ನು ತೆತ್ತು ಪ್ರಾಣಿಗಳನ್ನು ಕಣಕ್ಕಿಳಿಸಬೇಕು. ಸಣ್ಣ ಪ್ರಾಣಿಗೆ ಒಂದೆರಡು ಶಕ್ತಿ ಸಾಕು, ದೈತ್ಯನಿಗೆ ಆರೇಳು ಬೇಕು. ಪ್ರಾಣಿಗಳು ಎದುರಾಳಿಯ ಮೇಲೆ ಏರಿ ಹೋಗುತ್ತವೆ. ಅವನ್ನು ಕಣದಿಂದ ತೆಗೆಯುವವೇ ಕೊಲ್ಲುವ ಎಲೆಗಳು.

ಈ ಆಟದಲ್ಲಿ ಎಲೆ ಹಂಚಿಕೊಳ್ಳುವ ಒಂದು ಸ್ವಾರಸ್ಯಕರ ಪದ್ಧತಿಯಿದೆ. ಎಂಟು ಜನ ದುಂಡಗೆ ಕೂಡುತ್ತಾರೆ. ಪ್ರತಿಯೊಬ್ಬರ ಮುಂದೆ ಹದಿನೈದು ಎಲೆಗಳ ಒಂದು ಪೊಟ್ಟಣ. ಅದನ್ನು ಬಿಚ್ಚಿ, ಒಂದು ಎಲೆ ಆರಿಸಿ, ಉಳಿದ ಹದಿನಾಲ್ಕನ್ನು ಪಕ್ಕದವರಿಗೆ ಸಾಗಿಸುವುದು. ಹೀಗೆ ಎಲೆ ಮುಗಿಯುವವರೆಗೆ, ಹೀಗೆಯೇ ಮೂರು ಪೊಟ್ಟಣ. ಕೊನೆಗೆ ಪ್ರತಿಯೊಬ್ಬರ ಬಳಿ 45 ಎಲೆ; ಅದರಲ್ಲಿ ಸುಮಾರು 23ನ್ನು ಇಟ್ಟುಕೊಂಡು, 17 ಭೂಮಿ ಸೇರಿಸಿ 40ರ ಕಟ್ಟು ಮಾಡಿಕೊಳ್ಳಬೇಕು. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಅಂಗಡಿಯ ಪೊಟ್ಟಣದ ಬದಲು ತಾವೇ ಆಯ್ದು ಕೂಡಿಸಿದ ರಾಶಿಯಿಂದ ಆಡಿದರೆ ಅದಕ್ಕೆ ಕ್ಯೂಬ್ ಎಂದು ಹೆಸರು. ಎಂಟು ಜನಕ್ಕೆ 45ರಂತೆ ಬೇಕಾಗುವ ಎಲೆಗಳು ಸರಿಯಾಗಿ 360. ಮುಮ್ಮಡಿಯವರ ದೊಡ್ಡ ಕಟ್ಟಿಗೂ ಇದಕ್ಕೂ ಸಂಖ್ಯೆ ಕೂಡಿಬಂದದ್ದು ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ.

ಮ್ಯಾಜಿಕ್‌ನ ಮೊದಲ ಕಟ್ಟಿನಲ್ಲಿಯೇ ಕೊಲ್ಲುವ ಎಲೆಗಳ ಬಗೆಬಗೆಯ ಬೆಲೆಗಳು ಕಾಣುತ್ತವೆ. 'ಲೈಟ್ನಿಂಗ್ ಬೋಲ್ಟ್' ಒಂದೇ ಶಕ್ತಿಗೆ ಮೂರು ಪೆಟ್ಟು ಕೊಡುತ್ತದೆ. ಆದರೆ ನಾಲ್ಕು ಪೆಟ್ಟು ತಾಳುವ ಪ್ರಾಣಿ ಅದಕ್ಕೆ ಜಗ್ಗುವುದಿಲ್ಲ. 'ಟೆರರ್' ಎಂಬ ಎಲೆ ಎರಡು ಶಕ್ತಿಗೆ ಎಷ್ಟು ದೊಡ್ಡ ಪ್ರಾಣಿಯನ್ನಾದರೂ ಕೊಲ್ಲುತ್ತದೆ. ಆದರೆ ಕಪ್ಪು ಬಣ್ಣದ ಪ್ರಾಣಿಯನ್ನೂ ಯಂತ್ರಜೀವಿಯನ್ನೂ ಮುಟ್ಟಲಾರದು. 'ಸ್ವೋರ್ಡ್ಸ್ ಟು ಪ್ಲೌಷೇರ್ಸ್' ಒಂದೇ ಶಕ್ತಿಗೆ ಯಾವ ಪ್ರಾಣಿಯನ್ನಾದರೂ ಗಡಿಪಾರು ಮಾಡುತ್ತದೆ. ಆದರೆ ಆ ಪ್ರಾಣಿಯ ಬಲದಷ್ಟು ಆಯುಷ್ಯ ಎದುರಾಳಿಗೆ ದಕ್ಕುತ್ತದೆ. 'ರಾತ್ ಆಫ್ ಗಾಡ್' ನಾಲ್ಕು ಶಕ್ತಿಗೆ ಕಣದ ಪ್ರಾಣಿಗಳನ್ನೆಲ್ಲ ಗುಡಿಸಿಹಾಕುತ್ತದೆ. ಆದರೆ ನಿಮ್ಮವನ್ನೂ ಬಿಡುವುದಿಲ್ಲ. ಒಂದಕ್ಕೆ ಮಿತಿ, ಒಂದಕ್ಕೆ ಷರತ್ತು, ಒಂದಕ್ಕೆ ಪರಿಹಾರಧನ, ಇನ್ನೊಂದಕ್ಕೆ ಸ್ವಂತ ನಷ್ಟ.

ಅಳ್ನಾವರದ ಕಾಡೊಂದು ರಾಶಿ

ಲೆಕ್ಕ ಸುಲಭವಾಗಿ ತಿಳಿಯಲೆಂದು ನಾವೇ ಒಂದು ರಾಶಿಯನ್ನು ಕಟ್ಟಿ ನೋಡೋಣ. ಅಳ್ನಾವರದಿಂದ ದಾಂಡೇಲಿಯವರೆಗಿನ ಕಾಡೇ ಅದರ ವಸ್ತುವಾಗಲಿ. ಆನೆ, ಕಾಡೆಮ್ಮೆ, ಕರಡಿ, ಚಿರತೆ, ಕಾಡುಹಂದಿ, ಮಂಗಟ್ಟೆ ಹಕ್ಕಿ ಇವೆಲ್ಲ ಪ್ರಾಣಿಯ ಎಲೆಗಳು. ಸಿಡಿಲು, ಬಲೆ, ಗುಂಡಿ, ಕಾಳ್ಗಿಚ್ಚು ಇವು ಕೊಲ್ಲುವ ಅಥವಾ ಕೆಡವುವ ಎಲೆಗಳು.

ಮೊದಲ ಪ್ರಶ್ನೆ ಎಷ್ಟು ಎಂಬುದು. ಆಟದ ಆರಂಭದಲ್ಲಿ ಕೈಗೆ ಏಳು ಎಲೆ, ಮುಂದೆ ಸರದಿಗೊಂದು. ಎಂಟು ಸರದಿಯ ಆಟದಲ್ಲಿ ಹದಿನೈದು ಎಲೆ ಕಣ್ಣಿಗೆ ಬೀಳುತ್ತವೆ, ಅಂದರೆ ಕಟ್ಟಿನ ಎಂಟರಲ್ಲಿ ಮೂರು ಪಾಲು. ಒಬ್ಬನ ಕಟ್ಟಿನಲ್ಲಿ ಕೊಲ್ಲುವ ಎಲೆ ಮೂರೇ ಇದ್ದರೆ ಒಂದು ಆಟಕ್ಕೆ ಸರಾಸರಿ ಒಂದು ಸಿಗುತ್ತದೆ. ಆದರೆ ಸರಾಸರಿ ಎಂಬುದು ಮೋಸ ಮಾಡುತ್ತದೆ. ಲೆಕ್ಕ ಹಾಕಿದರೆ ನೂರರಲ್ಲಿ 23 ಆಟಗಳಲ್ಲಿ ಒಂದೂ ಸಿಗುವುದಿಲ್ಲ. ಎದುರಾಳಿ ಆನೆಯನ್ನು ಇಳಿಸಿದನೆಂದರೆ ಅಂಥ ಆಟದಲ್ಲಿ ಕೈಕಟ್ಟಿ ನೋಡುವುದೊಂದೇ ಗತಿ. ಯಾರಿಗೆ ಆನೆ ಬಂತೋ ಅವನು ಗೆದ್ದ, ಜಾಣತನಕ್ಕೆ ಕೆಲಸವಿಲ್ಲ.

ಹಾಗೆಂದು ಕಟ್ಟಿಗೆ ಹನ್ನೆರಡು ಕೊಲ್ಲುವ ಎಲೆ ಹಾಕಿದರೆ? 17 ಭೂಮಿ, 12 ಕೊಲ್ಲುವ ಎಲೆ ಹೋಗಿ ಪ್ರಾಣಿಗಳಿಗೆ ಉಳಿಯುವ ಜಾಗ 11. ಎಂಟು ಸರದಿಯಲ್ಲಿ ಸರಾಸರಿ ನಾಲ್ಕು ಪ್ರಾಣಿ ಬರುತ್ತವೆ, ಅವನ್ನು ಕೊಲ್ಲಲು ನಾಲ್ಕೂವರೆ ಎಲೆ ಎದುರಾಳಿಯ ಕೈಗೆ ಬರುತ್ತವೆ. ಬದುಕುವವರಿಗಿಂತ ಕೊಲ್ಲುವವರೇ ಹೆಚ್ಚಾದ ಕಾಡದು. ಆರು ಶಕ್ತಿ ಕೂಡಿಹಾಕಿ ಇಳಿಸಿದ ಆನೆಯನ್ನು ಎದುರಾಳಿ ಎರಡು ಶಕ್ತಿಯ ಗುಂಡಿಗೆ ಕೆಡವಿ, ಉಳಿದ ಶಕ್ತಿಯಲ್ಲಿ ತನ್ನ ಕರಡಿಯನ್ನೂ ಇಳಿಸುತ್ತಾನೆ. ಎರಡು ಸಲ ಹೀಗಾದರೆ ಮೂರನೆಯ ಸಲ ಆನೆಯನ್ನು ಯಾರೂ ಆರಿಸುವುದಿಲ್ಲ. ಎಲ್ಲರ ಕಟ್ಟಿನಲ್ಲೂ ಸತ್ತರೆ ಅಳು ಬಾರದ ಸಣ್ಣಪುಟ್ಟ ಪ್ರಾಣಿಗಳೇ ತುಂಬುತ್ತವೆ.

ನಡುವಿನ ಅಂಕಿ ಏಳರ ಆಸುಪಾಸು ಎಂದಿಟ್ಟುಕೊಳ್ಳಿ. ಆಗ ಒಂದು ಆಟಕ್ಕೆ ಎರಡೂವರೆಗಿಂತ ತುಸು ಹೆಚ್ಚು ಸಿಗುತ್ತವೆ. ಒಂದೂ ಸಿಗದ ಆಟ ಸುಮಾರು ನಲವತ್ತರಲ್ಲಿ ಒಂದು ಮಾತ್ರ. ಎದುರಿಗೆ ಐದಾರು ಪ್ರಾಣಿ ಬರುತ್ತವೆ. ಎಲ್ಲವನ್ನೂ ಕೊಲ್ಲಲಾಗದು, ಒಂದನ್ನೂ ಕೊಲ್ಲಲಾಗದು ಎಂಬ ಸ್ಥಿತಿಯೂ ಇಲ್ಲ. ಯಾವುದನ್ನು ಕೊಲ್ಲಲಿ, ಯಾವುದನ್ನು ತಾಳಿಕೊಳ್ಳಲಿ ಎಂದು ಯೋಚಿಸಬೇಕಾಗುತ್ತದೆ. ಈ ಯೋಚನೆಗಾಗಿಯೇ ಅಲ್ಲವೆ ಆಟ? ಎಂಟು ಜನಕ್ಕೆ ಏಳರಂತೆ 56 ಬೇಕು. ಬಣ್ಣ ಹೊಂದದೆ ಕೆಲವು ಪಕ್ಕಕ್ಕೆ ಬೀಳುವುದರಿಂದ 360ರ ರಾಶಿಯಲ್ಲಿ 70ರಷ್ಟನ್ನು ಇಟ್ಟು ಆರಂಭಿಸಿ, ಆಡುತ್ತ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಎರಡನೆಯ ಪ್ರಶ್ನೆ ಬೆಲೆಯದು. ಎಪ್ಪತ್ತೂ ಎಲೆಗಳು ಒಂದೇ ಬಗೆಯವಾದರೆ ಅಂಕಿ ಸರಿಯಿದ್ದೂ ಆಟ ಕೆಡುತ್ತದೆ. ಸಿಡಿಲು ಒಂದೆರಡು ಶಕ್ತಿಗೆ ಸಿಗಲಿ, ಆದರೆ ಮೂರು ಪೆಟ್ಟಿಗೆ ಸಾಯುವ ಪ್ರಾಣಿಗೆ ಮಾತ್ರ ತಗಲಲಿ. ಚಿರತೆ ಸಾಯುತ್ತದೆ, ಕಾಡೆಮ್ಮೆ ಉಳಿಯುತ್ತದೆ. ಗುಂಡಿ ಇದಕ್ಕೆ ತಿರುವುಮುರುವು. ಆನೆಯಂಥ ಭಾರದ ಪ್ರಾಣಿ ಬೀಳುತ್ತದೆ, ಮಂಗಟ್ಟೆ ಹಾರಿಹೋಗುತ್ತದೆ. ಬಲೆ ಕೊಲ್ಲುವುದಿಲ್ಲ, ಕಟ್ಟಿಹಾಕುತ್ತದೆ. ಬಲೆಯನ್ನು ಕಡಿಯುವ ಇಲಿಯೊಂದು ಇದ್ದರೆ ಪ್ರಾಣಿ ಮತ್ತೆ ಎದ್ದು ಬರುತ್ತದೆ. ಯಾವ ಷರತ್ತೂ ಇಲ್ಲದೆ ಕೊಲ್ಲುವ ಎಲೆಗೆ ನಾಲ್ಕೈದು ಶಕ್ತಿಯ ಬೆಲೆ ಇರಲಿ. ಕಾಳ್ಗಿಚ್ಚು ಇಡೀ ರಾಶಿಗೆ ಎರಡು ಮೂರು ಸಾಕು. ಪ್ರತಿ ಸರದಿಗೂ ಮರುಕಳಿಸಿ ಕೊಲ್ಲುವ ಎಲೆಯ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಒಂದು ಸಲ ಹೊಡೆಯುವ ಸಿಡಿಲು ಒಂದು ಎಲೆ. ದಿನಾ ಹೊಡೆಯುವ ಸಿಡಿಲು ಇಡೀ ಕಟ್ಟಿಗೆ ಸಮ.

ಮೂರನೆಯದು ಹಂಚಿಕೆ. ಮ್ಯಾಜಿಕ್‌ನಲ್ಲಿ ಐದು ಬಣ್ಣ, ಒಂದೊಂದಕ್ಕೂ ಕೊಲ್ಲುವ ರೀತಿ ಬೇರೆ. ಕೆಂಪು ಸುಡುತ್ತದೆ, ಕಪ್ಪು ನೇರವಾಗಿ ಕೊಲ್ಲುತ್ತದೆ, ಬಿಳಿ ಕಟ್ಟಿಹಾಕುತ್ತದೆ ಇಲ್ಲವೆ ಗಡಿಪಾರು ಮಾಡುತ್ತದೆ, ನೀಲಿ ಪ್ರಾಣಿಯನ್ನು ಒಡೆಯನ ಕೈಗೇ ಹಿಂದಿರುಗಿಸುತ್ತದೆ, ಹಸಿರು ತನ್ನ ಪ್ರಾಣಿಯನ್ನು ಎದುರಾಳಿಯ ಪ್ರಾಣಿಯೊಡನೆ ಕಾದಾಡಿಸುತ್ತದೆ. ಹಸಿರಿನ ರೀತಿಗೆ ಒಂದು ಸ್ವಾರಸ್ಯವಿದೆ: ಕಣದಲ್ಲಿ ನಿಮ್ಮದೊಂದು ಬಲವಾದ ಪ್ರಾಣಿ ಇಲ್ಲದಿದ್ದರೆ ಆ ಎಲೆ ವ್ಯರ್ಥ. ಎಲ್ಲ ಒಳ್ಳೆಯ ಕೊಲ್ಲುವ ಎಲೆಗಳನ್ನೂ ಒಂದೇ ಬಣ್ಣಕ್ಕೆ ಸುರಿದರೆ ಎಂಟು ಜನರೂ ಆ ಬಣ್ಣಕ್ಕೇ ಕೈಚಾಚುತ್ತಾರೆ, ಉಳಿದ ಬಣ್ಣಗಳು ಅನಾಥವಾಗುತ್ತವೆ.

ನಾಲ್ಕನೆಯದು ಕಟ್ಟೆ. ಕೊಲ್ಲುವ ಎಲೆಯನ್ನು ಕಡಿಮೆ ಮಾಡುವ ಬದಲು ಪ್ರಾಣಿಗಳನ್ನೇ ಗಟ್ಟಿ ಮಾಡಬಹುದು. ಕಣಕ್ಕಿಳಿದ ಕೂಡಲೇ ಒಂದು ಲಾಭ ತರುವ ಪ್ರಾಣಿ ಆಮೇಲೆ ಸತ್ತರೂ ಪೂರ್ತಿ ನಷ್ಟವಾಗುವುದಿಲ್ಲ. ಕಾಡುಹಂದಿ ಬರುವಾಗಲೇ ಒಂದು ಎಲೆ ಕೊಟ್ಟು ಬರಲಿ. ತಾಯಿ ಆನೆ ಸತ್ತರೆ ಮರಿಯೊಂದು ಉಳಿಯಲಿ. ಅರಣ್ಯ ಇಲಾಖೆಯ ಗಾರ್ಡ್ ಒಬ್ಬ ಕಣದಲ್ಲಿರುವವರೆಗೆ ಒಂದು ಪ್ರಾಣಿಯನ್ನು ಯಾರೂ ಮುಟ್ಟದಿರಲಿ. ಇದು ಚೌಕಾಬಾರದ ಅಡ್ಡಗೆರೆಯ ಮನೆಯೇ. ಆದರೆ ಕಟ್ಟೆಗಳೂ ಮಿತಿಯಲ್ಲಿರಬೇಕು. ಹದಿನಾರು ಮನೆಯೂ ಕಟ್ಟೆಯಾದರೆ ಕವಡೆ ಹಾಕುವುದೇಕೆ?

ಆಡಿ ನೋಡಿದರೆ ತಿಳಿಯುವುದು

ಲೆಕ್ಕ ಎಷ್ಟೇ ಸರಿಯಿದ್ದರೂ ರಾಶಿಯ ಗುಣ ತಿಳಿಯುವುದು ಆಡಿದಾಗ. ರಟ್ಟಿನ ಚೂರುಗಳ ಮೇಲೆ ಪೆನ್ಸಿಲಿನಿಂದ ಬರೆದ ಎಲೆಗಳೇ ಮೊದಲ ಪರೀಕ್ಷೆಗೆ ಸಾಕು. ಚಿತ್ರ, ಬಣ್ಣ ಆಮೇಲೆ ಬರಲಿ. ಪೆನ್ಸಿಲಿನ ಬೆಲೆಯನ್ನು ಅಳಿಸಿ ತಿದ್ದುವುದು ಸುಲಭ, ಚಂದವಾಗಿ ಬರೆದ ಎಲೆಯನ್ನು ತಿದ್ದಲು ಮನಸ್ಸು ಒಡಂಬಡುವುದಿಲ್ಲ.

ಎಲೆ ಆರಿಸುವಾಗಲೇ ಮೊದಲ ಸುಳಿವು ಸಿಗುತ್ತದೆ. ಪ್ರತಿ ಪೊಟ್ಟಣದಿಂದಲೂ ಮೊದಲು ಮಾಯವಾಗುವವು ಕೊಲ್ಲುವ ಎಲೆಗಳೇ ಆಗಿದ್ದರೆ ಅವು ಅಗ್ಗವಾಗಿವೆ ಎಂದರ್ಥ. ಎಂಟನೆಯವನ ಕೈಗೂ ಬೇಡವಾಗಿ ತಿರುಗುತ್ತಿದ್ದರೆ ತುಟ್ಟಿಯಾಗಿವೆ. ಎಂಟು ಜನರ ತೂಗುವ ತಕ್ಕಡಿ ಅದು. ಕಟ್ಟಿದವನ ಅಭಿಮಾನಕ್ಕೆ ಅಲ್ಲಿ ತೂಕವಿಲ್ಲ. ಇನ್ನೊಂದು ಸುಳಿವು ಆಟ ಮುಗಿದ ಮೇಲೆ. ಸೋತವನ ಕೈಯಲ್ಲಿ ಉಳಿದ ಎಲೆಗಳನ್ನು ನೋಡಬೇಕು. ಕೊಲ್ಲುವ ಎಲೆಗಳೇ ಉಳಿದಿದ್ದರೆ ಅವುಗಳ ಷರತ್ತು ಅತಿಯಾಗಿರಬಹುದು. ದೊಡ್ಡ ಪ್ರಾಣಿಗಳು ಇಳಿಯದೆ ಉಳಿದಿದ್ದರೆ ಇಳಿಸಲು ಅವನು ಅಂಜಿರಬಹುದು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ ಮತ್ತೆ ಆಡಬೇಕು. ಸಂಖ್ಯೆ, ಬೆಲೆ, ಷರತ್ತು ಮೂರನ್ನೂ ಒಟ್ಟಿಗೆ ತಿದ್ದಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಅಡುಗೆಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಮ್ಮೆಗೇ ಸುರಿದು ರುಚಿ ನೋಡಿದಂತೆ ಅದು.

ಈ ಶ್ರಮವೆಲ್ಲ ಯಾಕೆ ಎಂದು ಕೇಳಬಹುದು. ಆಟದಲ್ಲಿ ಒಬ್ಬ ಸೋಲಲೇಬೇಕು, ಅದನ್ನು ತಪ್ಪಿಸುವ ಸಮತೂಕ ಯಾವುದೂ ಇಲ್ಲ. ಆದರೆ ಸೋಲುಗಳಲ್ಲಿ ಎರಡು ಬಗೆ. ಆನೆಯನ್ನು ಎರಡು ಸರದಿ ತಡೆದು ಇಳಿಸಬೇಕಿತ್ತು, ಸಿಡಿಲನ್ನು ಚಿರತೆಗೆ ವ್ಯರ್ಥ ಮಾಡಬಾರದಿತ್ತು ಎಂದು ಲೆಕ್ಕ ಹಾಕುತ್ತ ಏಳುವವನು ಮರುದಿನ ಮತ್ತೆ ಬರುತ್ತಾನೆ. ಏನು ಮಾಡಿದ್ದರೂ ಅಷ್ಟೇ ಎಂದು ಎಲೆ ಚೆಲ್ಲಿ ಏಳುವವನು ಮತ್ತೆ ಬರುವುದಿಲ್ಲ. ಎದುರಿಗೆ ಕೂಡುವವನೇ ಇಲ್ಲದ ಮೇಲೆ ಗೆದ್ದವನ ಆಟವೂ ಅಲ್ಲಿಗೇ ಮುಗಿಯುತ್ತದೆ. ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿ ಆಟದ ಪಟಗಳನ್ನು ಕೊರೆದವರು ಒಂದು ದಿನದ ಆಟಕ್ಕೆಂದು ಕಲ್ಲು ಕೊರೆದಿರಲಾರರು. ಸೋತವನು ನಾಳೆ ಬರುತ್ತಾನೆಂಬ ನಂಬಿಕೆ ಅವರಿಗಿತ್ತು. ಹುಲಿಯ ಮುಂದಿನ ಖಾಲಿ ಬಿಂದುವಿಗೂ, ಕಟ್ಟೆಯ ಅಡ್ಡಗೆರೆಗೂ, ಕೊಲ್ಲುವ ಎಲೆಯ ಮೂಲೆಯಲ್ಲಿ ಬರೆದ ಬೆಲೆಗೂ ಇರುವ ಕೆಲಸ ಆ ನಂಬಿಕೆಯನ್ನು ಉಳಿಸುವುದೇ.